ಎಬ್ಬಿಸಬಾರದ ಹೊತ್ತು

ಸತ್ತ ಅಣವೀರಪ್ಪನ ಮೊಣಕಾಲನ್ನು ನೀಲಾಬಾಯಿಯ ಗಂಡ ಎರಡೂ ಕೈಯಿಂದ ಒತ್ತಿ ನೆಲಕ್ಕೆ ಹಚ್ಚಲು ಹೆಣಗುತ್ತಿದ್ದ. ಚಾಳಿನ ಇನ್ನಿಬ್ಬರು ಹೆಣದ ಭುಜ ಹಿಡಿದಿದ್ದರು. ಕಾಲು ತುಸು ಬಗ್ಗಿದಂತೆ ಮಾಡಿ ಮತ್ತೆ ಮೇಲೇಳುತ್ತಿತ್ತು. ಪಕ್ಕದ ಖೋಲಿಯ ಈ ಮರಾಠಿ ಮಂದಿ ಒಳ್ಳೆಯವರೇ. ಸತ್ತವರನ್ನು ಉದ್ದಕ್ಕೆ ಮಲಗಿಸುವುದೊಂದೇ ಅವರಿಗೆ ಗೊತ್ತಿದ್ದ ರೀತಿ.

ಮೂಲೆಯಲ್ಲಿ ಕೂತಿದ್ದ ಹೆಂಡತಿ ಸೋಮವ್ವ ತಲೆಯೆತ್ತಿದಳು.

“ಕಾಲ ನೀಡಸಬ್ಯಾಡ್ರಿ. ನಮ್ಮವ್ರನ್ನ ಕುಂಡ್ರಿಸೇ ಮಣ್ಣ ಮಾಡ್ತಾರ.”

ಅಣವೀರಪ್ಪನ ಜೊತೆ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಸಾಯಬಣ್ಣ ಅದನ್ನು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ತಿಳಿಸಿ ಹೇಳಿದ. ಅವರು ಪೆಚ್ಚಾಗಿ ಕೈಬಿಟ್ಟರು. ಕೂಡಿಸುವುದಕ್ಕೆ ಯಾರೂ ಕಷ್ಟಪಡಬೇಕಾಗಿರಲಿಲ್ಲ. ಅಣವೀರಪ್ಪ ಕೂತಲ್ಲೇ ಸತ್ತಿದ್ದ, ಸತ್ತ ಮೇಲೂ ಬಹಳ ಹೊತ್ತು ಕೂತೇ ಇದ್ದ. ಕುರ್ಲಾದ ಅಷ್ಟು ದೊಡ್ಡ ಗ್ಯಾರೇಜಿನಲ್ಲಿ, ಅಷ್ಟು ಮಂದಿಯ ನಡುವೆ, ಒಬ್ಬರಿಗೂ ಅದು ತಿಳಿದಿರಲಿಲ್ಲ.

ಇದು ನಂಬುವ ಮಾತಲ್ಲ ಎಂದು ಚಾಳಿನವರು ಬೆಳಗಿನಿಂದ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಆದರೆ ಅಣವೀರಪ್ಪನ ಕೆಲಸದ ರೀತಿ ಕಂಡವರು ನಂಬಿಯಾರು. ಹಳೆಯ ಕಾರುಗಳ ಬ್ರೇಕಿನ ಡ್ರಮ್ಮು ತುಕ್ಕು ಹಿಡಿದು ಚಕ್ರದ ನಡುವಣ ಹಬ್ಬಿಗೆ ಕಚ್ಚಿಕೊಂಡರೆ ಉಳಿದವರು ಸುತ್ತಿಗೆ ಎತ್ತುತ್ತಿದ್ದರು. ಅವನು ಎತ್ತುತ್ತಿರಲಿಲ್ಲ. ಸೀಮೆಎಣ್ಣೆಗೆ ಎಂಜಿನ್ ಎಣ್ಣೆ ಬೆರೆಸಿ ಸಂದಿಗೆ ಬಿಟ್ಟು, ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದ. ಎಡಗೈ ಕಬ್ಬಿಣದ ಅಂಚಿನ ಮೇಲೆ, ಬೆನ್ನು ಗೋಡೆಗೆ, ಕಣ್ಣು ಮುಚ್ಚಿ. ಬಡಿದರೆ ಒಡೆಯುತ್ತದೆ, ಕಾದರೆ ಬಿಡುತ್ತದೆ ಎನ್ನುವುದು ಅವನ ಮಾತು. ಬಿಡುವಾಗ ಕೈಗೆ ತಿಳಿಯುತ್ತದಂತೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ರುದ್ರಾವತಾರ. ನಿಜ ಹೇಳಬೇಕೆಂದರೆ ಅವನು ಅರ್ಧ ಹೊತ್ತು ನಿದ್ದೆಯನ್ನೇ ಹೊಡೆಯುತ್ತಾನೆ ಎಂಬ ಗುಮಾನಿ ಎಲ್ಲರಿಗೂ ಇತ್ತು. ಅಷ್ಟೇ ಹೊತ್ತಿನಲ್ಲಿ ಸಾಯಬಣ್ಣ ಎರಡು ಡ್ರಮ್ಮು ಬಿಚ್ಚುತ್ತಿದ್ದ, ಒಂದನ್ನು ಒಡೆಯುತ್ತಲೂ ಇದ್ದ.

ನಿನ್ನೆಯದು ಬಾಂದ್ರಾದ ಸಾಹೇಬರೊಬ್ಬರ ಹಳೆಯ ವಿಲಾಯತಿ ಕಾರು. ಡ್ರಮ್ಮಿನ ಬದಲು ಅದಕ್ಕೆ ತಟ್ಟೆಯಂಥ ಡಿಸ್ಕು. ಸಮುದ್ರದ ಉಪ್ಪುಗಾಳಿಗೆ ವರ್ಷಗಟ್ಟಲೆ ನಿಂತು ಆ ಡಿಸ್ಕು ಹಬ್ಬಿನೊಂದಿಗೆ ಒಂದೇ ಆಗಿಬಿಟ್ಟಿತ್ತು. ಬೆಳಗಿನ ಚಹಾ ಕುಡಿದು ಅಣವೀರಪ್ಪ ಅದರ ಮುಂದೆ ಕೂತ. ಸುತ್ತ ಕೆಲಸ ನಡೆಯಿತು. ಮಾಲೀಕ ಗಿರಾಕಿಯೊಬ್ಬನಿಗೆ ಅವನನ್ನು ತೋರಿಸಿ, ನಮ್ಮಲ್ಲಿ ಇಂಥ ತಪಸ್ವಿಗಳಿದ್ದಾರೆ ಎಂದು ನಗೆಯಾಡಿದ. ಸಾಯಬಣ್ಣ ಅವನ ತೊಡೆಯ ಮೇಲಿದ್ದ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಹೋದ, ಮತ್ತೆ ತಂದು ಅಲ್ಲೇ ಇಟ್ಟ. ಸಂಜೆ ಬಾಗಿಲು ಹಾಕುವಾಗ ಮುಟ್ಟಿ ನೋಡಿದರೆ ಮೈ ಮರಗಟ್ಟಿತ್ತು. ಎತ್ತಿದಾಗ ಬೆರಳುಗಳ ಹಿಡಿತಕ್ಕೆ ಡಿಸ್ಕೂ ಸಡಿಲಾಗಿ ಕೈಯೊಂದಿಗೇ ಬಂತು. ಅದನ್ನು ಕಂಡು ಮಾಲೀಕ ಅಲ್ಲೇ ನೆಲಕ್ಕೆ ಕುಸಿದನಂತೆ. ಎದೆಬಡಿತ ನಿಂತು ಬಹಳ ಹೊತ್ತಾಗಿದೆ ಎಂದರು ಡಾಕ್ಟರು.

ಬಹಳ ಹೊತ್ತು ಎಂದರೆ ಎಷ್ಟು? ಸೋಮವ್ವನಿಗೆ ಬೇಕಾಗಿದ್ದುದು ಅದೊಂದೇ. ಯಾಕೆಂದರೆ ಮಧ್ಯಾಹ್ನ ಬುತ್ತಿಯ ಡಬ್ಬಿ ಒಯ್ದು ಅವನ ಮೊಣಕಾಲ ಪಕ್ಕದಲ್ಲಿಟ್ಟು ಬಂದವಳು ಅವಳು.

*

ಸಿಂದಗಿ ಕಡೆಯಿಂದ ಮದುವೆಯಾಗಿ ಕುರ್ಲಾಕ್ಕೆ ಬಂದ ಹೊಸತರಲ್ಲಿ ಸೋಮವ್ವನಿಗೆ ಗ್ಯಾರೇಜಿಗೆ ಬುತ್ತಿ ಒಯ್ಯುವುದೆಂದರೆ ಜಾತ್ರೆಗೆ ಹೋದಷ್ಟು ಹಿಗ್ಗು. ಒಂದು ದಿನ ಹೀಗೆಯೇ ಕಣ್ಣು ಮುಚ್ಚಿ ಕೂತಿದ್ದ ಗಂಡನ ಭುಜ ಹಿಡಿದು ಅಲುಗಿಸಿ, ರೊಟ್ಟಿ ಆರುತ್ತದೆ, ಏಳಿ ಎಂದಳು. ಅವನು ಚೇಳು ಕಡಿದವನ ಹಾಗೆ ಎದ್ದ.

“ಬಿಡೂ ಹೊತ್ತಿಗೆ ಬಂದು ಕೆಡಿಸಿದಿ. ಬಾಯಿ ಮುಚ್ಚಿಕೊಂಡು ಡಬ್ಬಿ ಇಟ್ಟು ಹೋಗಾಕ ಬರಂಗಿಲ್ಲೇನು ನಿನಗ?”

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಯಾರೋ ಸೀಟಿ ಹೊಡೆದ. ಮರುದಿನದಿಂದ ಬಾಯಿ ಮುಚ್ಚಿಕೊಂಡು ಡಬ್ಬಿ ಇಟ್ಟು ಬರತೊಡಗಿದಳು. ಮನೆಯಲ್ಲಿ ಎಂದಿನಂತೆ ಮಾತು, ನಗೆ, ಸಣ್ಣಪುಟ್ಟ ಜಗಳ. ಗ್ಯಾರೇಜಿನ ಬಾಗಿಲು ದಾಟಿದರೆ ಮಾತ್ರ ತುಟಿ ಹೊಲಿದಂತೆ. ಒಮ್ಮೆ ಅವನು ಕಾರಿನ ಅಡಿಯಿಂದಲೇ ಹೆಸರು ಹಿಡಿದು ಕೂಗಿದ್ದ, ಅವಳು ತಿರುಗಿ ನೋಡಲಿಲ್ಲ. ಅವನು ಆ ಮಾತನ್ನು ಎಂದೋ ಮರೆತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕರೆದು ಒಂದು ಸಲ ತಪ್ಪಾಯ್ತು ಅನ್ನಲಿ, ಆಮೇಲೆ ನೋಡೋಣ ಎಂದು ಅವಳೂ ಕಾದಳು. ಕಾಯುವುದರಲ್ಲಿ ಗಂಡನಿಗಿಂತ ಅವಳೇನೂ ಕಡಿಮೆಯವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಹಟಕ್ಕೆ ಬೆಳೆಯಲು ಜಾಗ ಬೇಕಾದಷ್ಟಿತ್ತು, ಹಾಗೆಯೇ ವರ್ಷಗಳು ಕಳೆದವು.

ನಿನ್ನೆಯೂ ಅಷ್ಟೇ. ಡಬ್ಬಿ ಇಡುವಾಗ ಅವನ ಕೆನ್ನೆಯ ಮೇಲೆ ನೊಣ ಕೂತಿದ್ದು ಕಂಡಳು. ಓಡಿಸಲೆಂದು ಅವಳ ಕೈ ಮೇಲೆದ್ದಿತ್ತು. ಅದನ್ನು ಹಿಂದಕ್ಕೆಳೆದುಕೊಂಡು, ಸೆರಗು ಸರಿಮಾಡಿಕೊಂಡು ಬಂದುಬಿಟ್ಟಳು.

*

ರೈಲಿನ ಮುಷ್ಕರ ನಡೆದ ಮೇ ತಿಂಗಳು ಅದು. ಊರಿನಿಂದ ಮೈದುನ ಧರ್ಮಣ್ಣ ಬರುವಂತಿರಲಿಲ್ಲ, ಆ ಸೆಕೆಯಲ್ಲಿ ಹೆಣ ಇಟ್ಟುಕೊಂಡು ಕಾಯುವಂತೆಯೂ ಇರಲಿಲ್ಲ. ಗ್ಯಾರೇಜಿನ ಟೆಂಪೊದಲ್ಲೇ ಬಿದಿರು ಕಟ್ಟಿ ಹೆಣ ಕೂಡಿಸುವ ವಿಮಾನ ಮಾಡಿದರು. ಮೈ ತೊಳೆದು, ವಿಭೂತಿ ಹಚ್ಚಿ, ರುಮಾಲು ಸುತ್ತಿ ಅಣವೀರಪ್ಪನನ್ನು ಅದರಲ್ಲಿ ಕೂಡಿಸಿದರು. ಡಿಸ್ಕಿನ ಅಂಚು ಹಿಡಿದು ಮಡಚಿಕೊಂಡಿದ್ದ ಎಡಗೈ ಬೆರಳುಗಳನ್ನು ಬಿಡಿಸಲಾಗಲಿಲ್ಲ. ಮಠದ ಅಯ್ಯನವರು ಲಿಂಗವನ್ನು ಆ ಬೆರಳುಗಳ ನಡುವೆಯೇ ಇಟ್ಟರು.

ಹೊರಡುವ ಮುನ್ನ ಹೆಂಗಸರೆಲ್ಲ ಸೋಮವ್ವನನ್ನು ಹೊಗಳಿದರು. ಗಂಡನ ಕೆಲಸಕ್ಕೆ ಒಂದು ದಿನವೂ ಅಡ್ಡ ಬಂದವಳಲ್ಲ, ಇಂಥ ಮರ್ಯಾದೆಯ ಹೆಂಡತಿಯನ್ನು ಈ ಚಾಳಿನಲ್ಲೇ ಕಾಣಲಿಲ್ಲ ಎಂದು ನೀಲಾಬಾಯಿ ಕಣ್ಣೊರೆಸಿಕೊಂಡಳು. ಸೋಮವ್ವನಿಗೆ ಮೈಗೆ ಕೆಂಡ ತಾಗಿದಂತಾಯಿತು. ಮರ್ಯಾದೆಯಲ್ಲ ಅದು, ಹಟ ಎಂದು ಕಿರುಚಬೇಕೆನ್ನಿಸಿತು. ಸೆರಗು ಬಿಗಿದುಕೊಂಡು ಟೆಂಪೊ ಹತ್ತಿದಳು.

ಅವಳನ್ನು ಎತ್ತಿ ಹಿಡಿದಿದ್ದುದು ಒಂದೇ ಒಂದು ಸಂಗತಿ. ನಿನ್ನೆ ಸಂಜೆ ಸಾಯಬಣ್ಣ ತಂದುಕೊಟ್ಟ ಡಬ್ಬಿ ಖಾಲಿಯಿತ್ತು. ರೊಟ್ಟಿಯಿಲ್ಲ, ಎಣ್ಣೆಗಾಯಿಯಿಲ್ಲ, ಶೇಂಗಾ ಹಿಂಡಿ ಕೂಡ ಒರೆಸಿ ತಿಂದಂತಿತ್ತು. ಉಂಡಿದ್ದರೇನು ಎಂದು ಕೇಳಿದ್ದಳು. ಡಬ್ಬಿಯೇ ಹೇಳುತ್ತದಲ್ಲ ವೈನಿ, ಉಂಡೇ ಉಂಡಿರುತ್ತಾರೆ ಎಂದಿದ್ದ ಅವನು. ಉಂಡಿದ್ದರೆ ತಾನು ಹೋದಾಗ ಜೀವ ಇತ್ತು. ನೊಣ ಬದುಕಿದವರ ಮೇಲೂ ಕೂರುತ್ತದೆ. ತನ್ನ ಕೈಯಡುಗೆ ಉಂಡು, ತೃಪ್ತಿಯಾಗಿ, ಆಮೇಲೆ ಕಣ್ಣು ಮುಚ್ಚಿದ. ಟೆಂಪೊ ಕುಲುಕಿದಾಗಲೆಲ್ಲ ಅವಳು ಇದನ್ನೇ ಮನಸ್ಸಿನಲ್ಲಿ ಹೇಳಿಕೊಂಡಳು.

ರುದ್ರಭೂಮಿಯಲ್ಲಿ ಕುಣಿ ತಯಾರಾಗಿತ್ತು. ಇಳಿಯಲು ಮಣ್ಣಿನಲ್ಲೇ ಮೆಟ್ಟಿಲು ಕಡಿದು, ಒಳಗೆ ಕೂಡಿಸಲು ಗೂಡು ಕೊರೆದಿದ್ದರು. ಅಣವೀರಪ್ಪನನ್ನು ಇಳಿಸಿ ಗೂಡಿಗೆ ಬೆನ್ನು ಕೊಟ್ಟು ಕೂಡಿಸಿದರು. ಅಯ್ಯನವರು ಮಂತ್ರ ಹೇಳಿ, ತಲೆಯ ಮೇಲೆ ಪಾದವಿಟ್ಟು ಮೇಲೆ ಬಂದರು. ಉಪ್ಪು, ವಿಭೂತಿ, ಪತ್ರಿ ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ಗ್ಯಾರೇಜಿನ ಚಂದ್ರಾಮ ಪತ್ರಿ ಹಿಡಿದು ಮುಂದೆ ಬಂದವನು ಹಾಕಲಾರದೆ ನಿಂತ. ಖಾನಾವಳಿಯಲ್ಲಿ ಉಂಡು ಒಂಟಿಯಾಗಿ ಬದುಕುವ ನಡುವಯಸ್ಸಿನ ಗಂಡಸು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳತೊಡಗಿದ. ಸಮಾಧಾನ ಮಾಡಲು ಸಾಯಬಣ್ಣ ಭುಜ ಹಿಡಿದರೆ ಕೊಡವಿಕೊಂಡು ಸೋಮವ್ವನ ಕಾಲ ಬಳಿ ಕೂತ.

“ಅಕ್ಕಾ, ಬುತ್ತಿ ನಾ ಉಂಡೆ.”

ಸೋಮವ್ವನಿಗೆ ಅರ್ಥವಾಗಲಿಲ್ಲ.

ಅಳುವಿನ ನಡುವೆ ಅವನು ಹೇಳಿದ್ದಿಷ್ಟು. ಕಾಯುವ ದಿನ ಅಣ್ಣ ಎಂದೂ ಉಂಡವನಲ್ಲ. ಕಬ್ಬಿಣ ಬಿಡುವ ತನಕ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಆ ದಿನಗಳ ಡಬ್ಬಿ ಮೊದಲಿನಿಂದಲೂ ಚಂದ್ರಾಮನ ಪಾಲು. ಆಕೆಗೆ ಹೇಳಬೇಡ, ಬೇಜಾರು ಮಾಡಿಕೊಂಡಾಳು ಎಂದು ಅಣ್ಣನ ತಾಕೀತಿತ್ತು. ನಿನ್ನೆಯೂ ಸೋಮವ್ವ ಆಚೆ ಹೋದೊಡನೆ ಅವನು ಬಂದು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಉಂಡಿದ್ದ.

“ಎಣ್ಣೆಗಾಯಿ ಚಲೋ ಆಗೇದ ಅಣ್ಣಾ ಅಂತ ಕೈ ಮ್ಯಾಲ ಕೈ ಇಟ್ಟೆ. ತಣ್ಣಗ ಕೊರೀತಿತ್ತು. ಕಬ್ಬಿಣ ಹಿಡದ ಕೈ, ಅದಕ್ಕ ತಣ್ಣಗ ಐತಿ ಅಂದ್ಕೊಂಡು ಉಳಿದದ್ದೂ ಉಂಡೆ ಅಕ್ಕಾ.”

ಸಾಯಬಣ್ಣ ಮುಖ ತಿರುಗಿಸಿ ನಿಂತ. ಸೋಮವ್ವ ಬೈಯುತ್ತಾಳೆ, ಇಲ್ಲವೇ ಬಿದ್ದುಬಿಡುತ್ತಾಳೆ ಎಂದು ನೀಲಾಬಾಯಿ ಹಿಂದಿನಿಂದ ಕೈ ಚಾಚಿದಳು. ಆದರೆ ಸೋಮವ್ವ ಚಂದ್ರಾಮನ ತಲೆಯನ್ನು ಒಮ್ಮೆ ಮುಟ್ಟಿ ದಾಟಿಕೊಂಡು ಕುಣಿಯ ಮೆಟ್ಟಿಲಿಗೆ ಕಾಲಿಟ್ಟಳು. ಕ್ರಿಯೆ ಮುಗಿದ ಮೇಲೆ ಇಳಿಯಬಾರದೆಂದು ಅಯ್ಯನವರು ಮೆಲ್ಲಗೆ ಹೇಳಿದರು. ಅವಳು ಇಳಿದಳು. ಒಳಗೆ ಹಸಿಮಣ್ಣಿನ ತಂಪಿತ್ತು. ಗಂಡನ ಎದುರು ಕುಕ್ಕರುಗಾಲಲ್ಲಿ ಕೂತು, ಅವನ ಭುಜದ ಮೇಲೆ ಕೈಯಿಟ್ಟು ಅಲುಗಿಸಿದಳು.

“ಏಳ್ರಿ. ರೊಟ್ಟಿ ಆರಾಕತ್ತೇತಿ.”

ಮೇಲೆ ಗ್ಯಾರೇಜಿನವರೆಲ್ಲ ಉಪ್ಪು ಹಿಡಿದ ಮುಷ್ಟಿ ಬಿಗಿದುಕೊಂಡೇ ನಿಂತಿದ್ದರು. ಸೋಮವ್ವ ಇನ್ನೊಮ್ಮೆ ಅಲುಗಿಸಿದಳು, ಈ ಸಲ ಎರಡೂ ಕೈಯಿಂದ, ಜೋರಾಗಿ. ರುಮಾಲು ಸುತ್ತಿದ ತಲೆ ಹಿಂದಕ್ಕೂ ಮುಂದಕ್ಕೂ ತೂಗಿತು. ಹಣೆಯಲ್ಲಿ ಒಣಗಿದ್ದ ವಿಭೂತಿ ಸಣ್ಣಗೆ ಉದುರಿ ಅವಳ ಮುಂಗೈ ಮೇಲೆ ಬಿತ್ತು.