ಗಾಳಿಯ ಪಾಲು

ಸಾವಂತ್ರೆವ್ವನ ಅಂಗೈಯಡಿ ರೊಟ್ಟಿ ಇನ್ನೂ ದುಂಡಗಾಗಿರಲಿಲ್ಲ. ಒಲೆಯ ಪಕ್ಕ ಪುಸ್ತಕ ಹರವಿಕೊಂಡು ಕೂತಿದ್ದ ಮಗಳು ಆಮ್ರಪಾಲಿ ಅವಳ ಮೊಣಕೈ ಹಿಡಿದಳು.

"ಯವ್ವಾ, ಈ ಲೆಕ್ಕಾ ಕೇಳ. ನಿನಗ ಹೇಳಿದ್ರ ನನಗ ನೆನಪ ಉಳೀತೈತಿ."

"ನಿನ್ನ ಲೆಕ್ಕಾ ಮುಗಿಯೂತನಾ ಗೋಕಾಕ ಬಸ್ಸು ಕುಲಗೋಡದಾಗ ನಿಂದ್ರತೈತೇನ? ಹೇಳ ಲಗೂನ."

"ಒಂದು ಮುಚ್ಚಿದ ತೊಟ್ಟಿ. ಒಳಗ ಬೆಲ್ಲದ ನೀರು ಹುಳಿ ಬಂದು ಕಾರ್ಬನ್ ಡೈಆಕ್ಸೈಡ್ ಎದ್ದೈತಿ. ಒಟ್ಟು ಒತ್ತಡ ಏಳ್ನೂರಾ ಅರವತ್ತು ಮಿಲಿಮೀಟರ್, ಹೊರಗಿದ್ದಷ್ಟ. ಅದರಾಗ ಮುನ್ನೂರಾ ಎಂಬತ್ತು ಆ ಕೆಟ್ಟ ಗಾಳೀದ ಪಾಲು. ಉಳಿದಿದ್ದರಾಗ ಐದಕ್ಕ ಒಂದು ಪಾಲು ಆಕ್ಸಿಜನ್. ಎಷ್ಟಾತು?"

"ನಾ ಯಾವ ಸಾಲಿ ಕಲ್ತೇನವ್ವ?"

"ಎಪ್ಪತ್ತಾರು. ಹೊರಗ ನೂರಾ ಐವತ್ತೆರಡು."

ಸಾವಂತ್ರೆವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಆರು ವರ್ಷದ ಹಿಂದೆ ಹುಕ್ಕೇರಿ ಕಡೆಯ ಒಂದು ಕಬ್ಬಿನ ಗಾಣದಲ್ಲಿ ಅವಳೂ ಗಂಡ ಭೀಮರಾಯನೂ ದುಡಿಯುತ್ತಿದ್ದರು. ಬೆಲ್ಲದ ಮಡ್ಡಿ ಕಾಕಂಬಿ ತುಂಬಿಡುವ ತೊಟ್ಟಿ ತೊಳೆಯಲು ಇಳಿಯುವ ಮೊದಲು ಭೀಮರಾಯ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದ. ಉರಿದರೆ ಇಳಿಯುವುದು, ಆರಿದರೆ ಮರುದಿನ. ಅವತ್ತು ಎರಡು ಸಲ ಆರಿತು.

"ಬತ್ತಿ ತೊಯ್ದೈತಿ," ಅಂದಿದ್ದ ಮೇಸ್ತ್ರಿ ಅಲ್ಲಪ್ಪ. "ಏನ್ ಸಾವಂತ್ರೆವ್ವ, ನಿನ್ನ ಗಂಡ ನಿನಗಿಂತಾ ಪುಕ್ಕಲ ಅದಾನಲ್ಲ."

ನಕ್ಕವರ ಜೊತೆ ಅವಳೂ ನಕ್ಕಿದ್ದಳು. "ಊಟದ ಹೊತ್ತಾತು, ಲಗೂನ ಇಳದ ಬರ್ರಿ," ಅಂದಿದ್ದಳು. ಭೀಮರಾಯ ಒಮ್ಮೆ ಅವಳ ಮುಖ ನೋಡಿ ಇಳಿದಿದ್ದ. ಮತ್ತೆ ಅವನನ್ನು ಮೇಲೆತ್ತಿದ್ದು ಅದೇ ಹಗ್ಗದಿಂದ.

ಎದೆಬಡಿತ ನಿಂತು ಸತ್ತನೆಂದು ಅಲ್ಲಪ್ಪ ಬರೆಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಳು. ಅಜ್ಜಿಯ ಬಳಿ ಕುಲಗೋಡದಲ್ಲಿದ್ದ ಮಗಳಿಗೂ, ತೊಟ್ಟಿ ತೊಳೆಯುವಾಗ ಎದೆ ನಿಂತಿತೆಂದು ಅದನ್ನೇ ಹೇಳಿದಳು.

"ಇನ್ನೊಂದು ಪ್ರಶ್ನೆ ಐತಿ," ಎಂದು ಆಮ್ರಪಾಲಿ ಓದಿದಳು: "ಈ ತೊಟ್ಟಿಯಲ್ಲಿ ದೀಪ ಉರಿಯುವುದೇ? ಕಾರಣ ಕೊಡಿ."

ಇಲ್ಲ ಎಂದು ಬರೆದಳು. ಕಾರಣ ಬರೆಯಲು ಹೋದ ಪೆನ್ಸಿಲ್ ಅಲ್ಲೇ ನಿಂತಿತು. ಅವಳ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. ಅಲ್ಲಿ, ತೊಟ್ಟಿಗೆ ಇಳಿಬಿಟ್ಟು ನೋಡಿಯೇ ತಾನು ಇಳಿಯುವುದೆಂದು ಅಪ್ಪ ಹೇಳುತ್ತಿದ್ದ ಕಂದೀಲು ತೂಗುತ್ತಿತ್ತು. ಸಾವಂತ್ರೆವ್ವ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು, ಹಚ್ಚಿರಲಿಲ್ಲ. ಹಿಡಿಕೆಗೆ ಹಗ್ಗದ ಗಂಟು ಹಾಗೇ ಇತ್ತು.

"ಬಸ್ಸು ಬಂತು, ಏಳವ್ವ," ಅಂದಳು ಸಾವಂತ್ರೆವ್ವ. ಬಸ್ಸಿನ ಸದ್ದೇ ಇರಲಿಲ್ಲ.

ಹಂಚಿನ ಮೇಲೆ ರೊಟ್ಟಿಯ ಅಂಚು ಕರ್ರಗಾಗಿ ಹೊಗೆಯಾಡತೊಡಗಿತು. ಇಬ್ಬರೂ ಅದನ್ನು ಮಗುಚಲಿಲ್ಲ.

"ಯವ್ವಾ, ಅಪ್ಪ ಇಳಿಯೂ ಮುಂದ ಕಂದೀಲಾ ಆರಿದ್ದು ನೀ ನೋಡಿದ್ದಿಯೇನ?"