ಕುರಿಯ ಮುಖ, ಕುರಿಯ ಬಾಲ

ಆಲ್ಬಂ ಅಂದಮೇಲೆ ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಒಂದು ಕಡೆ ಕೂತು, ಬಾಯಿ ಮುಚ್ಚಿಕೊಂಡು ಕೇಳಬೇಕು. ಇಷ್ಟು ಸಣ್ಣ ಮಾತನ್ನು ಜನಕ್ಕೆ ಹೇಳಿ ಹೇಳಿ ನನಗೆ ಸಾಕಾಗಿದೆ. ಈಗಿನವರು ಫೋನಿನಲ್ಲಿ ಮೂರನೆಯ ಹಾಡನ್ನು ಅರ್ಧ ಕೇಳಿ, ಏಳನೆಯದಕ್ಕೆ ಹಾರಿ, ಅಲ್ಲಿಂದ ಇನ್ಯಾರದೋ ಆಲ್ಬಮ್ಮಿಗೆ ಹೋಗುತ್ತಾರೆ. ಕಂಪನಿಯವರು ಇವರಿಗಿಂತ ಒಂದು ಕೈ ಮೇಲು. ಇಪ್ಪತ್ತು ವರ್ಷ ಹಳೆಯ ಆಲ್ಬಮ್ಮನ್ನು ಹಸಿರು ಬಣ್ಣದ ರೆಕಾರ್ಡಾಗಿ ಮತ್ತೆ ಒತ್ತಿ, ಬಾಲಕ್ಕೆ ಹನ್ನೊಂದು ಅರೆಬೆಂದ ಹಾಡು ಕಟ್ಟಿ ಮಾರುತ್ತಾರೆ. ಹೋಗಿ ಬರುತ್ತೇವೆ ಎಂದು ಹೊರಟ ನೆಂಟರು ಛತ್ರಿ ಮರೆತೆವು ಎಂದು ಹನ್ನೊಂದು ಸಲ ವಾಪಸು ಬಂದ ಹಾಗೆ!

ಹೀಗೆಲ್ಲ ಊರಿಗೆ ಪಾಠ ಹೇಳುವ ನಾನು ಹೋದ ಆಗಸ್ಟಿನಲ್ಲಿ, ಹ್ಯಾಲಿಫ್ಯಾಕ್ಸ್ ಮೇಲಿನ ಗುಡ್ಡದ ಸಂಗೀತ ಹಬ್ಬದಲ್ಲಿ, ಮಾಡಿಕೊಂಡ ಎಡವಟ್ಟನ್ನು ಯಾರ ಹತ್ತಿರವೂ ಹೇಳಿಲ್ಲ. ಮುಖ್ಯವಾಗಿ ಇಮೋಜೆನ್ ಹತ್ತಿರ.

ಇಮೋಜೆನ್ ನನ್ನ ಗಂಡ ಡಂಕನ್‌ನ ಮಗಳು, ಹದಿನಾರು ವರ್ಷ. ಅವಳ ಅಮ್ಮ ಸ್ಪೇನಿಗೆ ಹೋಗಿ ನೆಲೆಸಿದಾಗ, ಶಾಲೆ ಬಿಡಲೊಲ್ಲೆ ಎಂದು ಹುಡುಗಿ ಲೀಡ್ಸಿನ ನಮ್ಮ ಮನೆಗೆ ಬಂದಳು. ನನ್ನನ್ನು ಜನೀನ್ ಎಂದು ಹೆಸರು ಹಿಡಿದೇ ಕರೆಯುತ್ತಾಳೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಏನೆಂದರೆ ಹತ್ತು ತಿಂಗಳಲ್ಲಿ ನಮ್ಮಿಬ್ಬರ ಮಾತು ‘ಹಾಲು ಖಾಲಿ’, ‘ಬಿಸಿನೀರು ಖಾಲಿ’ ಎನ್ನುವುದನ್ನು ದಾಟಿರಲಿಲ್ಲ. ಖಾಲಿಯಾದದ್ದರ ಬಗ್ಗೆ ಬಿಟ್ಟು ಬೇರೆ ಮಾತೇ ಇಲ್ಲ.

ಒಂದೇ ಒಂದು ಸಲ ಅವಳಾಗಿ ಬಂದಿದ್ದಳು. ಅವಳಿಗೆ ತೊಂದರೆಯಾಗದಿರಲಿ ಎಂದು ನಾನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡು ಕೇಳುವುದು ರೂಢಿಯಾಗಿತ್ತು. ಬಾಗಿಲಲ್ಲಿ ನಿಂತು ಕೇಳಿದಳು: “ಕಣ್ಣು ಮುಚ್ಕೊಂಡು ಅಷ್ಟೊತ್ತು ಏನ್ ಕೇಳ್ತೀಯ? ಸತ್ತೇ ಹೋದ್ಯೇನೋ ಅನ್ಕೊಂಡೆ.”

ಕೇಳುತ್ತಿದ್ದದ್ದು ಕೋಲ್ಡ್ ಪ್ಯಾಂಟ್ರಿ. ಹೆಬ್ಡೆನ್ ಊರಿನ ಮೇಲಿನ ಗುಡ್ಡದಲ್ಲಿ ಕುರಿ ಸಾಕುವ ಮನೆಗಳ ಮೂವರು ಹುಡುಗರ ತಂಡ. ಒಂದೇ ಆಲ್ಬಂ ಮಾಡಿ, ಐನೂರು ರೆಕಾರ್ಡು ಒತ್ತಿಸಿ, ಜಗಳವಾಡಿ ಚದುರಿಹೋದರು. ಫೋನಿನಲ್ಲಿ ಎಲ್ಲಿ ಹುಡುಕಿದರೂ ಅವರ ಹಾಡು ಸಿಗುವುದಿಲ್ಲ. ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕೊಂಡದ್ದು. ಕೊನೆಯಲ್ಲಿ ‘ಕಿಟಕಿಯ ಹಬೆ’ ಎಂಬ ಏಳು ನಿಮಿಷದ ಹಾಡಿದೆ. ಅದರಲ್ಲಿ ಆಕ್ರಾಯ್ಡ್ ಎಂಬ ಅವರ ಹಾಡುಗಾರ ಬಹುತೇಕ ಪಿಸುಗುಡುತ್ತಾನೆ. ಬದುಕಿನಲ್ಲಿ ನಾನು ಬಾಯಿಬಿಟ್ಟು ಹೇಳಲಾಗದ್ದೆಲ್ಲ ಅದರಲ್ಲಿದೆ.

“ಒಂದು ಹಾಡು ಕೇಳ್ಸು ನೋಡೋಣ,” ಎಂದಳು.

“ಒಂದೇ ಕೇಳ್ಸಕ್ಕಾಗಲ್ಲ. ಮೊದಲಿಂದ ಕೇಳಿದ್ರೇನೇ ಕೊನೇದು ಅರ್ಥ ಆಗೋದು. ನಲವತ್ತು ನಿಮಿಷ, ಕೂತ್ಕೋ.”

“ನಲವತ್ತಾ? ನಂಗೆ ಹೋಂವರ್ಕ್ ಇದೆ,” ಎಂದು ಹೋದಳು. ಆ ವರ್ಷ ಅವಳು ಹೋಂವರ್ಕ್ ಎಂಬ ಪದ ಬಳಸಿದ್ದು ಅದೊಂದೇ ಸಲ. ನನ್ನ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಹಾಗಾಗಿ ಕೋಲ್ಡ್ ಪ್ಯಾಂಟ್ರಿಯವರು ಮತ್ತೆ ಒಟ್ಟಾಗಿ ಗುಡ್ಡದ ಹಬ್ಬದಲ್ಲಿ ಆಲ್ಬಮ್ಮನ್ನು ಪೂರ್ತಿ, ಕ್ರಮವಾಗಿ, ಒಂದೇ ಒಂದು ಸಲ ನುಡಿಸಿ ಮತ್ತೆಂದೂ ನುಡಿಸುವುದಿಲ್ಲ ಎಂದು ಸುದ್ದಿ ಬಂದಾಗ ಎರಡು ಟಿಕೆಟ್ ತೆಗೆದೆ. ಇಮೋಜೆನ್ ಒಪ್ಪಿದ್ದು ದೊಡ್ಡ ವೇದಿಕೆಯಲ್ಲಿ ಅವಳ ಮೆಚ್ಚಿನ ಹಾಡುಗಾರ್ತಿ ಇದ್ದಳೆಂದು. ಆದರೆ ಇಬ್ಬರದೂ ಒಂದೇ ಹೊತ್ತಿಗೆ. ಹಬ್ಬದ ವೇಳಾಪಟ್ಟಿ ಮಾಡುವವರು ಮನೆ ಒಡೆಯುವುದನ್ನೇ ಕಸುಬು ಮಾಡಿಕೊಂಡವರು.

“ನಿನ್ನದು ಒಂದೇ ಹಾಡಿಗೆ ಬರ್ತೀನಿ. ಯಾವ್ದು, ಎಷ್ಟೊತ್ತಿಗೆ ಹೇಳು,” ಎಂದಳು.

“ಕೊನೇದು. ಏಳೂ ಮೂವತ್ತೈದಕ್ಕೆ ಬಾ. ಡೇರೇಲಿ ಸೌಂಡ್‌ನವರ ಮೇಜಿನ ಎಡಕ್ಕೆ ನಿಂತಿರ್ತೀನಿ. ಇಲ್ಲಿ ಫೋನ್ ಸಿಗಲ್ಲ, ಮರೀಬೇಡ.”

“ಅಷ್ಟು ಗ್ಯಾರಂಟಿನಾ?”

“ಇಪ್ಪತ್ತಾರು ವರ್ಷದಿಂದ ಅದೇ ಕೊನೇದು ಕಣೇ, ಇವತ್ತು ಎಲ್ಲಿಗೆ ಓಡೋಗತ್ತೆ?”

ಏಳು ಗಂಟೆಗೆ ಕೋಲ್ಡ್ ಪ್ಯಾಂಟ್ರಿಯವರ ಡೇರೆಯೊಳಗೆ ಕಾಲಿಟ್ಟೆ. ಮೀನಖಂಡದವರೆಗೆ ಕೆಸರು. ಮುಂದೆ ನನ್ನ ವಯಸ್ಸಿನ ಬೋಳುತಲೆಯವರು, ಹೊಟ್ಟೆಗೆ ಬಿಗಿಯಾದ ಹಳೆಯ ಟೀ ಶರ್ಟುಗಳು. ಪಕ್ಕದಲ್ಲಿ ಒಬ್ಬ ಮಡಚುವ ಕುರ್ಚಿ ಹಾಕಿಕೊಂಡು ಚಿಪ್ಸಿನ ಮೇಲೆ ಗ್ರೇವಿ ಸುರಿದು ತಿನ್ನುತ್ತಿದ್ದ. ಇದು ಡೇರೆಯೋ ಇವನ ಊಟದ ಮನೆಯೋ! ಅಷ್ಟರಲ್ಲಿ ಮೂವರೂ ಬಂದು ಶುರು ಹಚ್ಚಿಕೊಂಡರು.

ಶುರುವಾದದ್ದು ರೆಕಾರ್ಡಿನ ಎರಡನೆಯ ಮಗ್ಗುಲಿನ ಮೊದಲ ಹಾಡು.

“ಏನ್ರೀ ಇದು, ಮಧ್ಯದಿಂದ ಶುರು ಮಾಡಿದ್ರು?” ಎಂದೆ.

“ಇದೇ ಅಲ್ವೇನಮ್ಮ ಮೊದಲನೇದು?” ಎಂದ ಕುರ್ಚಿಯವನು, ಬಾಯಲ್ಲಿ ಚಿಪ್ಸ್ ಇಟ್ಟುಕೊಂಡೇ.

ನಿಮಗೆ ಆ ರೆಕಾರ್ಡಿನ ಬಗ್ಗೆ ಹೇಳಬೇಕು. ಅದರ ಮೇಲೆ ಒಂದು, ಎರಡು ಎಂದು ಬರೆದಿಲ್ಲ. ಒಂದು ಮಗ್ಗುಲಲ್ಲಿ ಕುರಿಯ ಮುಖ, ಇನ್ನೊಂದರಲ್ಲಿ ಕುರಿಯ ಬಾಲ. ಕವರಿನ ಹಿಂದೆ ಹಾಡುಗಳ ಹೆಸರನ್ನು ದುಂಡಗೆ ಸುತ್ತ ಬರೆದಿದ್ದಾರೆ, ಆದಿಯಿಲ್ಲ ಅಂತ್ಯವಿಲ್ಲ. ಮುಖದಿಂದ ಶುರು ಮಾಡಬೇಕೆಂದು ಯಾರಾದರೂ ಹೇಳಿಕೊಡಬೇಕೇ? ಲೀಡ್ಸಿನ ರೆಕಾರ್ಡ್ ಅಂಗಡಿಯಲ್ಲಿ ಒಬ್ಬಾತ ‘ಕಿಟಕಿಯ ಹಬೆ’ ನಡುವೆ ಬರುತ್ತದೆ ಎಂದದ್ದಕ್ಕೆ ಅವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಬುದ್ಧಿ ಹೇಳಿ ಕಳಿಸಿದ್ದೆ.

ಎರಡನೆಯ ಹಾಡಾದ ಮೇಲೆ ಆಕ್ರಾಯ್ಡ್ ಮೈಕಿಗೆ ಬಾಯಿಟ್ಟ. “ಐನೂರು ಜನ ರೆಕಾರ್ಡ್ ತಗೊಂಡಿದ್ರಿ, ಇಲ್ಲಿ ಎರಡು ಸಾವಿರ ಜನ ಇದೀರ. ಉಳಿದೋರು ಕದ್ದು ಕೇಳಿದ್ರೇನ್ರಪ್ಪ? ಲೇಬಲ್ ಅಂಟಿಸೋನು ಅವತ್ತು ಫೋನ್ ಮಾಡಿ, ಮುಖ ಮೊದಲಾ ಬಾಲ ಮೊದಲಾ ಅಂತ ಕೇಳ್ದ. ನಮ್ಮಪ್ಪ ಫೋನ್ ಎತ್ತಿದ್ರು. ಲೇ, ಕುರಿ ಹೊಡ್ಕೊಂಡು ಹೋಗೋನಿಗೆ ಮೊದ್ಲು ಕಾಣೋದು ಏನೋ ಅಂದ್ರು. ಮುಖದಿಂದ ಶುರು ಮಾಡೋನು ಪೇಟೆಯೋನು!”

ಡೇರೆಗೆ ಡೇರೆಯೇ ನಕ್ಕಿತು. ಕುರ್ಚಿಯವನಂತೂ ಗ್ರೇವಿ ಚೆಲ್ಲಿಕೊಂಡ.

ನಾನು ಬೆರಳು ಮಡಚಿ ಎಣಿಸಿದೆ. ಬಾಲದ ಮಗ್ಗುಲು ಮೊದಲಾದರೆ ‘ಕಿಟಕಿಯ ಹಬೆ’ ಐದನೆಯದು. ಏಳೂ ಹದಿನೈದರ ಸುಮಾರಿಗೆ. ಇಮೋಜೆನ್ ಬರುವುದು ಏಳೂ ಮೂವತ್ತೈದಕ್ಕೆ. ಫೋನ್ ತೆಗೆದು ನೋಡಿದರೆ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ.

ನಿಂತರೆ ನನಗೆ ಹಾಡು ಸಿಗುತ್ತದೆ, ಹುಡುಗಿಗೆ ಇಲ್ಲ. ಹೋದರೆ ಇಬ್ಬರಿಗೂ ಸಿಗಬಹುದು. ಹೋದೆ. ಕೆಸರಿನಲ್ಲಿ ಬೂಟು ಕಿತ್ತು ಕಿತ್ತು ಇಡುತ್ತಾ, ನನ್ನನ್ನೂ ಆ ಆಕ್ರಾಯ್ಡನ ಅಪ್ಪನನ್ನೂ ಅವನ ಕುರಿಗಳನ್ನೂ ಬೈದುಕೊಳ್ಳುತ್ತಾ ದೊಡ್ಡ ವೇದಿಕೆಯತ್ತ ಓಡಿದೆ. ಅಲ್ಲಿ ಎಂಟು ಸಾವಿರ ಮಕ್ಕಳು, ಎಲ್ಲರದೂ ಒಂದೇ ಥರದ ಪಾರದರ್ಶಕ ಮಳೆಕೋಟು. “ಇಮೋಜೆನ್!” ಎಂದು ಕೂಗಿದರೆ ನಾಲ್ಕು ಹುಡುಗಿಯರು ತಿರುಗಿ ನೋಡಿದರು. ಯಾವಳೂ ನಮ್ಮವಳಲ್ಲ.

ವಾಪಸು ಬರುವಾಗ ಶೌಚಾಲಯಗಳ ಹಿಂದೆ ಇದ್ದೆ. ಆಗ ‘ಕಿಟಕಿಯ ಹಬೆ’ ಶುರುವಾಯಿತು. ಒಂದು ಕಡೆ ಜನರೇಟರ್ ಗುರುಗುರು. ಇನ್ನೊಂದು ಕಡೆ ಸಾಲಿನಲ್ಲಿ ನಿಂತ ಇಬ್ಬರು ಹೆಂಗಸರು, ಒಬ್ಬಳ ಅಡುಗೆಮನೆಗೆ ಹಾಕಿಸಿದ ಟೈಲ್ಸ್ ಬಿರುಕು ಬಿಟ್ಟ ಕಥೆ. ನಾನು ಓಡುತ್ತಲೇ ಇದ್ದೆ, ಆದರೆ ಕೆಸರಿನಲ್ಲಿ ಏಳು ನಿಮಿಷ ಎಷ್ಟರದು? ಡೇರೆಯ ಬಾಗಿಲಿಗೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಅಳು ಬಂತು, ಬರೀ ಸಿಟ್ಟಿಗೆ.

ಮುಖದ ಮಗ್ಗುಲಿನ ಹಾಡುಗಳೆಲ್ಲ ಕಿವಿಯ ಪಕ್ಕದಿಂದ ಹೋದವು. ಕೊನೆಗೆ ಉಳಿದದ್ದು ‘ನನ್ನ ಕೋಟು ಎಲ್ಲಿ’ ಎಂಬ ಎರಡು ನಿಮಿಷದ ಗದ್ದಲ. ಮನೆಯಲ್ಲಿ ಅದು ಬಂದರೆ ನಾನು ಚಹಾಕ್ಕೆ ನೀರಿಡಲು ಏಳುತ್ತಿದ್ದೆ.

“ಜನೀನ್!” ಇಮೋಜೆನ್ ಬಂದಳು. ಮಂಡಿಯವರೆಗೆ ಕೆಸರು, ಏದುಸಿರು. “ಲೇಟಾಯ್ತಾ? ಮುಗೀತಾ?”

“ಇಲ್ಲ. ನಿಂದು ಮುಗೀತಾ?”

“ಎಲ್ಲಿ ಮುಗೀತು! ನಾನು ಯಾವ ಹಾಡಿಗೆ ಅಂತ ಬಂದಿದ್ನೋ ಅದನ್ನ ಈಗ ಶುರು ಮಾಡಿದ್ಲು. ಮಧ್ಯದಲ್ಲೇ ಬಿಟ್ಟು ಓಡ್ಬಂದೆ. ನೀನು ಮೂವತ್ತೈದು ಅಂದಿದ್ದಲ್ಲ.”

ವೇದಿಕೆಯಿಂದ “ಇದು ಕೊನೇದು” ಎಂದ ಆಕ್ರಾಯ್ಡ್.

“ಇದಾ?” ಎಂದಳು. ಡ್ರಮ್ಮು ಗುಡುಗಿತು, ಡೇರೆಯೆಲ್ಲ ಕುಣಿಯತೊಡಗಿತು. ಇಮೋಜೆನ್ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿ, ನನ್ನ ಕಿವಿಗೆ ಬಾಯಿಟ್ಟು ಕಿರುಚಿದಳು: “ನೀನು ಕಣ್ಣು ಮುಚ್ಕೊಂಡು ಕೇಳೋದು ಇದನ್ನಾ? ಇದಕ್ಕೆ ಕಣ್ಣು ಮುಚ್ಚೋದಾ? ನಿಂಗೆ ತಲೆ ಕೆಟ್ಟಿದೆ!”

ತಿದ್ದಲು ಬಾಯಿ ತೆರೆದೆ. ಒಂದು ಹಾಡಿನ ಜಾಗದ ವಿಷಯಕ್ಕೆ ಅಂಗಡಿಯಲ್ಲಿ ಅಪರಿಚಿತನೊಬ್ಬನ ಜೀವ ತಿಂದವಳು ನಾನು.

“ಹೂಂ ಕಣೇ, ಇದೇ,” ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಕುಣಿದಳು. ನಲವತ್ತೇಳರ ನಾನೂ ಕುಣಿದೆ, ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು.

ಕೆಳಗೆ ಗೇಟಿನ ಹತ್ತಿರ ಫೋನಿಗೆ ಜೀವ ಬಂತು. ಇಮೋಜೆನ್ ಅಪ್ಪನಿಗೆ ಹಚ್ಚಿದಳು. “ಅಪ್ಪಾ, ಜನೀನ್ ಹಾಡು ಕೇಳ್ದೆ! ಸಕತ್ತಾಗಿದೆ. ಇವ್ಳು ಅತ್ತಿದ್ದಾಳೆ ಗೊತ್ತಾ? ಮುಖ ನೋಡ್ಬೇಕು ನೀನು. ತಗೋ, ಇವ್ಳ ಹತ್ರ ಮಾತಾಡು.”

“ಏನೇ, ಅಷ್ಟು ಚೆನ್ನಾಗಿ ಹಾಡಿದ್ರಾ?” ಎಂದ ಡಂಕನ್.

ಇಮೋಜೆನ್ ನನ್ನ ತೋಳಿಗೆ ತೋಳು ಸಿಕ್ಕಿಸಿಕೊಂಡು ಆ ದರಿದ್ರ ಹಾಡನ್ನೇ ಗುನುಗುತ್ತಿದ್ದಳು.

“ಇಷ್ಟು ಚೆನ್ನಾಗಿ ಯಾವತ್ತೂ ಕೇಳಿರ್ಲಿಲ್ಲ,” ಎಂದೆ.