ನೀರು ಬಂತು

ಪರದೆಯ ಮೇಲೆ ಮೂಡಿದ ಪುಟ ತನ್ನದೇ ಎಂದು ಗುರುತಿಸಲು ಜಯಮಾಲಾಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನಡುವೆ ದೊಡ್ಡ ಹಸಿರು ಬಟನ್, ಅದರ ಮೇಲೆ ‘ನೀರು ಬಂತು’ ಎಂಬ ಅಕ್ಷರ, ಕೆಳಗೆ ವಠಾರದವರ ಹೆಸರು. ಕಣ್ಣು ಮಂಜಾದ ಮುದುಕಿಯರಿಗೂ ಕಾಣಲಿ ಎಂದು ಆ ಬಟನ್ನನ್ನು ಅಷ್ಟು ದೊಡ್ಡದು ಮಾಡಿದವಳು ಅವಳೇ. ಆದರೆ ಪುಟದ ತಲೆಯ ಮೇಲೆ ಅವಳ ಹೆಸರಿರಲಿಲ್ಲ, ಅವಳ ಬ್ಯಾಚಿನ ಸುಗತನ ಹೆಸರಿತ್ತು. ಪಕ್ಕದಲ್ಲಿ ಆ ಸುಗತನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ.

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಎದುರು, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಈ ತರಬೇತಿ ಕೇಂದ್ರ. ಪೈಥಾನ್ ಭಾಷೆಯಲ್ಲಿ, ಜ್ಯಾಂಗೊ ಎಂಬ ಚೌಕಟ್ಟು ಬಳಸಿ ವೆಬ್‌ಸೈಟ್ ಕಟ್ಟುವುದನ್ನು ಇಲ್ಲಿ ಕಲಿಸುತ್ತಾರೆ. ಕಲಿಸುತ್ತಾರೆ ಅನ್ನುವುದು ಸ್ವಲ್ಪ ಧಾರಾಳದ ಮಾತು. ಅಂಜನಮೂರ್ತಿ ಸರ್ ಟೈಪ್ ಮಾಡುತ್ತಾರೆ, ಉಳಿದವರು ನೋಡಿಕೊಂಡು ಟೈಪ್ ಮಾಡುತ್ತಾರೆ, ಬಟ್ಟೆಬರೆ ಮಾರುವ ಅದೇ ಹಳೆಯ ಪುಟ ಎಲ್ಲರ ಪರದೆಯಲ್ಲೂ ಬರುತ್ತದೆ, ಎಲ್ಲರೂ ಡೆವಲಪರ್ ಆಗುತ್ತಾರೆ. ಕೊನೆಗೆ ಯಾರದಾದರೂ ಒಂದು ಒಳ್ಳೆಯ ಪ್ರಾಜೆಕ್ಟ್ ಆರಿಸಿ, ಪೆನ್‌ಡ್ರೈವಿನಲ್ಲಿ ಹಾಕಿ, ಇಡೀ ಬ್ಯಾಚಿಗೆ ಪ್ರಸಾದದ ಹಾಗೆ ಹಂಚುವುದು ಇಲ್ಲಿನ ಪದ್ಧತಿ. ಹೆಸರು ಬದಲಿಸಿಕೊಂಡರೆ ಮುಗಿಯಿತು. ಇದರಲ್ಲಿ ಯಾರಿಗೂ ತಪ್ಪು ಕಂಡದ್ದಿಲ್ಲ.

ಜಯಮಾಲಾ ನೋಡಿಕೊಂಡು ಟೈಪ್ ಮಾಡುವ ಪೈಕಿ ಅಲ್ಲ. ಮಾಡೆಲ್ ಅಂದರೆ ನೆನಪಿಡುವ ಭಾಗ, ವ್ಯೂ ಅಂದರೆ ಕೆಲಸ ಮಾಡುವ ಭಾಗ, ಟೆಂಪ್ಲೇಟ್ ಅಂದರೆ ತೋರಿಸುವ ಭಾಗ ಎಂದು ತಲೆಗೆ ಹೋದ ದಿನವೇ ಅವಳಿಗೆ ನೆನಪಾದದ್ದು ರಾಮಮೂರ್ತಿ ನಗರದ ತಮ್ಮ ವಠಾರದ ನಲ್ಲಿ. ನೀರು ಬಿಡುವ ದುರ್ಗೇಶನಿಗೆ ಹೊತ್ತುಗೊತ್ತು ಅನ್ನುವುದೇ ಇಲ್ಲ. ಅವನು ಬಿಟ್ಟಾಗ ಮನೆಯಲ್ಲಿದ್ದವರಿಗೆ ನೀರು, ಕೆಲಸಕ್ಕೆ ಹೋದವರಿಗೆ ಖಾಲಿ ಕೊಡ. ಯಾದಗಿರಿ ಕಡೆಯಿಂದ ಬಂದ ಅವಳ ತಾಯಿ ಪೀರಮ್ಮ ಕಲ್ಯಾಣ ನಗರದ ಒಂದು ಮನೆಯಲ್ಲಿ ಅಡುಗೆಗೆ ಹೋಗುತ್ತಾಳೆ. ಪಕ್ಕದ ಕೋಣೆಯ ಬೈರಮ್ಮ ಕೆ.ಆರ್. ಪುರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಇಬ್ಬರಿಗೂ ಎಷ್ಟೋ ದಿನ ಸ್ನಾನವೆಂಬುದು ಅದೃಷ್ಟದ ಮಾತು.

ಜಯಮಾಲಾ ಕಟ್ಟಿದ್ದು ಇಷ್ಟೇ. ನಲ್ಲಿಯಲ್ಲಿ ಮೊದಲು ನೀರು ಕಂಡವರು ಆ ಹಸಿರು ಬಟನ್ ಒತ್ತಿದರೆ ವಠಾರದ ಎಲ್ಲರ ಫೋನಿಗೂ ಸಂದೇಶ ಹೋಗುತ್ತದೆ. ಮೊದಮೊದಲು ಯಾರೂ ನಂಬಲಿಲ್ಲ. “ಫೋನಿಗೆ ನೀರಿನ ವಾಸ್ನೆ ಬರುತ್ತೇನಮ್ಮ?” ಎಂದು ಬೈರಮ್ಮ ಎಲ್ಲರೆದುರು ಆಡಿಕೊಂಡಿದ್ದಳು. ಆದರೆ ಸಂದೇಶ ಒಮ್ಮೆಯೂ ಸುಳ್ಳಾಗಲಿಲ್ಲ. ನಿಧಾನವಾಗಿ ನಂಬಿಕೆ ಬಂತು. ಫೋನ್ ಕೂಗಿದರೆ ಬೈರಮ್ಮ ಸೊಪ್ಪಿನ ಮೇಲೆ ಗೋಣಿತಾಟು ಹೊದೆಸಿ ಆಟೋ ಹತ್ತುವಳು. ಪೀರಮ್ಮ ಕೆಲಸದ ಮನೆಯಲ್ಲಿ ಬೇಡಿಕೊಂಡು, ಸಂದೇಶ ಬಂದಾಗ ಓಡಿಹೋಗಿ ನೀರು ಹಿಡಿದು ಬರಲು ಒಪ್ಪಿಗೆ ಪಡೆದಿದ್ದಳು. ಈ ಹೆಂಗಸರು ತನ್ನ ಒಂದು ಸಾಲಿನ ಮಾತಿಗೆ ಕೆಲಸ ಬಿಟ್ಟು ಓಡಿ ಬರುತ್ತಾರಲ್ಲ ಎಂಬುದು ಜಯಮಾಲಾಳಿಗೆ ಯಾವ ಸರ್ಟಿಫಿಕೇಟಿಗಿಂತಲೂ ದೊಡ್ಡದಾಗಿತ್ತು.

ಹಿಂದಿನ ವಾರ ಪುಟದಲ್ಲಿ ಏನೋ ದೋಷ ಬಂದಾಗ ಅಂಜನಮೂರ್ತಿ ಸರ್, “ಫೋಲ್ಡರ್ ಕೊಡಮ್ಮ, ನೋಡ್ತೀನಿ” ಎಂದಿದ್ದರು. ಜ್ಯಾಂಗೊ ತಾನು ನೆನಪಿಟ್ಟ ಹೆಸರು, ನಂಬರ್‌ಗಳನ್ನೆಲ್ಲ ಅದೇ ಫೋಲ್ಡರಿನ ಒಂದು ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಫೋಲ್ಡರ್ ಹೋದ ಕಡೆಗೆಲ್ಲ ವಠಾರವೂ ಹೋಗುತ್ತದೆ. ಅದಕ್ಕೇ ಅವಳು ಬಿಡಿಸಿ ಹೇಳಿದ್ದಳು.

“ಸರ್, ಇದ್ರಲ್ಲಿರೋದು ನಿಜವಾದ ನಂಬರ್‌ಗಳು. ಆ ಬಟನ್ ಮಾತ್ರ ಒತ್ಬೇಡಿ, ಎಲ್ರಿಗೂ ಮೆಸೇಜ್ ಹೋಗ್ಬಿಡುತ್ತೆ.”

“ಅಷ್ಟೂ ಗೊತ್ತಾಗಲ್ವೇನಮ್ಮ ನಂಗೆ?” ಎಂದು ಅವರು ನಕ್ಕಿದ್ದರು.

ಈಗ ಕಂಪನಿಯೊಂದರಿಂದ ಬಂದ ಇಬ್ಬರು ಮುಂದಿನ ಸಾಲಿನಲ್ಲಿ ಕುಳಿತಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರಿಗೆ ಹಿಡಿಸಿದವರಿಗೆ ಇಂಟರ್‌ವ್ಯೂ. ಜಯಮಾಲಾ ಬೆಂಚುಗಳ ನಡುವೆ ನುಗ್ಗಿ ಸರ್ ಹತ್ತಿರ ಹೋದಳು.

“ಸರ್, ಅದು ನನ್ ಪ್ರಾಜೆಕ್ಟು.”

“ಸುಮ್ನಿರಮ್ಮ,” ಸರ್ ಪಿಸುಗುಟ್ಟಿದರು. “ಅವ್ನು ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾನೆ. ನಿಂಗದು ಬರಲ್ಲ. ಅವ್ರು ಖುಷಿಯಾದ್ರೆ ಎಲ್ರಿಗೂ ಒಳ್ಳೇದು.”

“ಅದಿರ್ಲಿ ಸರ್. ನಂಬರ್ ತೆಗೆದಿದ್ದೀರಾ?”

“ಯಾವ ನಂಬರು?”

ಕದ್ದದ್ದು ಸಾಲದೆಂದು, ಕದ್ದದ್ದರೊಳಗೆ ಏನಿದೆ ಎಂದು ತೆರೆದು ನೋಡುವ ಕಷ್ಟವನ್ನೂ ಈ ಮನುಷ್ಯ ತೆಗೆದುಕೊಂಡಿರಲಿಲ್ಲ! “ಸುಗತ, ಒತ್ಬೇಡ ಕಣೋ!” ಎಂದು ಅವಳು ಕೂಗುವುದಕ್ಕೂ ಅವನು ಒತ್ತುವುದಕ್ಕೂ ಸರಿಹೋಯಿತು. ಅವಳದೇ ಚೀಲದೊಳಗೆ ಅವಳದೇ ಫೋನ್ ಗುಂಯ್ ಎಂದಿತು. ಸದ್ದು ಕೇಳಿದ ಮುಂದಿನ ಸಾಲಿನ ಹೆಂಗಸು ಮುಖ ಅರಳಿಸಿಕೊಂಡು, “ಓಹ್, ನಿಜವಾಗ್ಲೂ ಹೋಗುತ್ತಾ? ಇನ್ನೊಂದ್ಸಲ ತೋರ್ಸಿ” ಎಂದಳು. ಸುಗತ ಸರ್ ಮುಖ ನೋಡಿದ. ಸರ್ ತಲೆಯಾಡಿಸಿದರು. ಅವನು ಇನ್ನೊಮ್ಮೆ ಒತ್ತಿದ. ಚಪ್ಪಾಳೆ ಬಿತ್ತು.

ಜಯಮಾಲಾ ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ದಪ್ಪನೆ ಮುಚ್ಚಿದಳು. ಕೂಡಲೇ ಫೋನ್ ತೆಗೆದು ವಠಾರಕ್ಕೆ ಇನ್ನೊಂದು ಸಂದೇಶ ಕಳಿಸಿದಳು: ತಪ್ಪಾಗಿದೆ, ಬರಬೇಡಿ. ಓಡುವವರು ಫೋನ್ ನೋಡುತ್ತಾರೆಯೇ? ಯಾರೂ ನೋಡಲಿಲ್ಲ.

“ಕೋಡ್ ಬರ್ದಿದ್ದು ಯಾರು?” ಎಂದು ಮುಂದಿನ ಸಾಲಿನ ಹೆಂಗಸು ಕೇಳಿದಳು.

“ಟೀಮ್ ವರ್ಕ್ ಮೇಡಂ,” ಸರ್ ಬೆವರು ಒರೆಸಿಕೊಂಡರು. “ಈ ಹುಡ್ಗಿನೂ ಟೀಮಲ್ಲಿದ್ಲು.”

ಆ ಮಾತು ಸರಿಯೆಂದೋ ಸುಳ್ಳೆಂದೋ ಅರ್ಧ ಗಂಟೆ ವಾದ ನಡೆದು, ಇತ್ಯರ್ಥವಾಗುವ ಮೊದಲೇ ಪೀರಮ್ಮನ ಕರೆ ಬಂತು. ಜಯಮಾಲಾ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಕೇಳಲಿ, ಎಲ್ಲರೂ ಕೇಳಲಿ.

“ಯವ್ವಾ ಜಯಾ, ನೀರು ಬಂತಂತ ಎರಡು ಸಲ ಫೋನ್ ಕೂಗ್ತು, ಓಡಿ ಬಂದೀನಿ. ನೋಡಿದ್ರ ನಳದಾಗ ಒಂದು ಹನಿ ಇಲ್ಲ. ಅಕ್ಕಾರ ಮನ್ಯಾಗ ಬೀಗರು ಉಣ್ಣಾಕ ಕುಂತಿದ್ರು, ಅಂಥಾದ್ರಾಗ ಬಿಟ್ಟು ಬಂದೀನಿ. ನಾಳಿಂದ ಬರಬ್ಯಾಡ ಅಂದುಬಿಟ್ರು. ಯಾರವ್ವ ಒತ್ತಿದವ್ರು?”

ಸುಗತ, “ಸಾರಿ ಜಯಾ, ಸರ್ ಹೇಳಿದ್ರು, ನಂಗೆ ಗೊತ್ತಿರ್ಲಿಲ್ಲ” ಎಂದು ನೆಲ ನೋಡಿದ. ಮುಂದಿನ ಸಾಲಿನ ಗಂಡಸು ಗಂಟಲು ಸರಿಮಾಡಿಕೊಂಡು, “ಟೆಸ್ಟ್ ಮೆಸೇಜ್ ಅಂತ ಹೇಳ್ಬಿಡಿ, ಅಷ್ಟೇ ಅಲ್ವಾ?” ಎಂದ.

ಅಷ್ಟೇ ಅಲ್ವಾ! ಮನೆಯೊಳಗೆ ನಲ್ಲಿ ತಿರುಗಿಸಿದರೆ ನೀರು ಬರುವವರು ಆಡುವ ಮಾತು ಅದು. ಅವನಿಗೆ ಏನು ಹೇಳಿದರೆ ತಾನೇ ಅರ್ಥವಾದೀತು?

“ಗಲಾಟೆ ಬೇಡಮ್ಮ,” ಸರ್ ಕಾಲು ಹಿಡಿಯುವುದೊಂದು ಬಾಕಿ. “ಇಂಟರ್‌ವ್ಯೂಗೆ ನಿನ್ ಹೆಸ್ರೂ ಸೇರಿಸ್ತೀನಿ.”

“ನನ್ ಹೆಸ್ರು ಸೇರಿಸ್ಬೇಡಿ ಸರ್. ನಮ್ ವಠಾರದವ್ರ ಹೆಸ್ರು ತೆಗೀರಿ. ಯಾರ್‍ಯಾರಿಗೆ ಹಂಚಿದ್ದೀರೋ ಅವ್ರೆಲ್ಲರ ಹತ್ರಾನೂ ತೆಗೆಸಿ. ನಮ್ಮವ್ವನ ನಂಬರ್ ಇಟ್ಕೊಂಡು ಕೆಲ್ಸ ಕೇಳೋಕೆ ಹೋಗ್ತೀರಾ? ನಾಚ್ಕೆ ಆಗಲ್ವಾ ನಿಮ್ಗೆ?”

ಅವರು ತೆಗೆಸುವವರೆಗೆ ಅವಳು ಕಾಯಲಿಲ್ಲ. ಸಂದೇಶ ಕಳಿಸುವ ಸೇವೆಯ ಪಾಸ್‌ವರ್ಡನ್ನು ಅಲ್ಲೇ ನಿಂತು ಬದಲಿಸಿದಳು. ಹಂಚಿಹೋದ ನಕಲುಗಳ ಬಾಯಿ ಕಟ್ಟಿತು. ಆಮೇಲೆ ಒಂದೊಂದೇ ಬೆಂಚಿಗೆ ಹೋಗಿ, ಎದುರಿಗೆ ನಿಂತು, ನಂಬರ್‌ಗಳಿದ್ದ ಆ ಫೈಲನ್ನು ಅಳಿಸಿಸಿದಳು. ಸರ್ಟಿಫಿಕೇಟಿನ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ವಠಾರದಲ್ಲಿ ಹೆಂಗಸರು ಒಣಗಿದ ನಲ್ಲಿಯ ಸುತ್ತ ಕೊಡ ಇಟ್ಟುಕೊಂಡು ಕುಳಿತಿದ್ದರು. ಜಯಮಾಲಾ ನಡೆದದ್ದನ್ನೆಲ್ಲ ಹೇಳಿ ಕೈಮುಗಿದಳು. ಬೈರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಇಲ್ಲಿಗೆ ಬರೋ ಅಷ್ಟ್ರಲ್ಲಿ ದಂಟಿನ ಸೊಪ್ಪೆಲ್ಲಾ ಹಸು ತಿಂದಿತ್ತಂತೆ, ಪಕ್ಕದ ಅಂಗಡಿಯವ್ರು ಫೋನ್ ಮಾಡಿದ್ರು,” ಎಂದಳು. “ಅವನ್ಯಾವನೋ ಕ್ಲಾಸಲ್ಲಿ ನಿಂತ್ಕೊಂಡು ಒತ್ತಿದ್ರೆ ನಾವ್ ಓಡ್ಬೇಕಾಯ್ತು ನೋಡು.” ಕೊಡ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಎಲ್ಲರೂ ಇನ್ನೂ ಮನೆಯಲ್ಲಿರುವಾಗಲೇ ದುರ್ಗೇಶ ನೀರು ಬಿಟ್ಟ. ನಲ್ಲಿ ಒಮ್ಮೆ ಕೆಮ್ಮಿ ಧಾರೆಯಾಗಿ ಸುರಿಯತೊಡಗಿತು. ಜಯಮಾಲಾ ಬಟನ್ ಒತ್ತಿದಳು. ಮುಚ್ಚಿದ ಬಾಗಿಲುಗಳ ಹಿಂದೆ ಒಂದಾದ ಮೇಲೊಂದು ಫೋನುಗಳು ಕೂಗಿದವು. ಅಕ್ಕಪಕ್ಕದ ಒಂದು ಬಾಗಿಲೂ ತೆರೆಯಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ಪೀರಮ್ಮ ಕೂಡ ಫೋನ್ ನೋಡಿ, ಹೊರಗೆ ಬಂದು, ನಲ್ಲಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಕೊಡಕ್ಕೆ ಕೈ ಹಾಕಿದಳು. ಹೆತ್ತ ತಾಯಿ!

ಜಯಮಾಲಾ ಅಂಗಳದಲ್ಲಿ ನಿಂತು, “ನೀರು ಬಂತು! ನೀರು ಬಂತು!” ಎಂದು ಕೂಗಿದಳು. ಅಂಗೈ ಉರಿಯುವ ಹಾಗೆ ಬೈರಮ್ಮನ ಬಾಗಿಲು ಬಡಿದಳು. ಬಾಗಿಲು ಅರ್ಧ ತೆರೆಯಿತು. ಬೈರಮ್ಮ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದಳು.

“ಇದು ನೀನ್ ಒತ್ತಿದ್ದಾ, ಅವ್ನ್ ಒತ್ತಿದ್ದಾ?” ಎಂದು ಕೇಳಿದಳು.

ಜಯಮಾಲಾ ಆ ಖಾಲಿ ಕೊಡ ಕಿತ್ತುಕೊಂಡು, ತಂದು ನಲ್ಲಿಯ ಕೆಳಗಿಟ್ಟು, ಮುಂದಿನ ಬಾಗಿಲು ಬಡಿಯಲು ಹೋದಳು.